ಓಡದ ಮೊಲ

ತೊಗಲೋಣಿಯಲ್ಲಿ ಅವನ ನಿಜವಾದ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವನು ತಿದಿಯಣ್ಣ. ಕಮ್ಮಾರನ ಕುಲುಮೆಯಲ್ಲಿ ಕೆಂಡಕ್ಕೆ ಗಾಳಿ ಊದುವ ಚರ್ಮದ ಚೀಲವಿದೆಯಲ್ಲ, ಆ ತಿದಿಯ ಹಾಗಿತ್ತು ಅವನ ಎದೆ. ಆಳು ಗಿಡ್ಡ, ಕಾಲು ಸಣಕಲು, ಕುತ್ತಿಗೆ ಕೋಳಿಯದು. ಎದೆಯೊಂದು ಮಾತ್ರ ಬೇರೆ ಯಾರದನ್ನೋ ತಂದು ಕೂರಿಸಿದಂತೆ. ಅಂಗಿಯ ಮೇಲಿನ ಗುಂಡಿಗಳನ್ನು ಹಾಕಿಕೊಳ್ಳುವುದು ಅವನಿಂದ ಜನ್ಮದಲ್ಲಿ ಆಗಲಿಲ್ಲ. "ನಮ್ಮಮ್ಮ ಇವನನ್ನ ಹೆರೋವಾಗ ಅಳತೆ ತಪ್ಪಿದಳು" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಅವನ ಕಸುಬು ತೊಗಲು ಸುಲಿಯುವುದು. ಕತ್ತಿ ಹಿಡಿದು ಸುಲಿಯುವವರು ಓಣಿಯಲ್ಲಿ ಬೇಕಾದಷ್ಟು ಜನ ಇದ್ದರು. ತಿದಿಯಣ್ಣ ಉಸಿರಿನಿಂದ ಸುಲಿಯುತ್ತಿದ್ದ. ಪ್ರಾಣಿಯ ಹಿಂಗಾಲಿನ ಗೆಣ್ಣಿನ ಮೇಲೆ ಬೆರಳಗಲ ಸೀಳಿ, ತೊಗಲಿಗೂ ಮಾಂಸಕ್ಕೂ ನಡುವೆ ಜೊಂಡಿನ ಕೊಳವೆ ತೂರಿಸಿ, ಬಾಯಿಟ್ಟು ಊದುವುದು. ಗಾಳಿ ಒಳಗೆ ಹರಿದ ಹಾಗೆಲ್ಲ ತೊಗಲು ಮಾಂಸವನ್ನು ಬಿಟ್ಟು ಮೇಲೇಳುತ್ತದೆ. ಪ್ರಾಣಿ ಉಬ್ಬುತ್ತ ಉಬ್ಬುತ್ತ ಡೋಲಿನಂತಾಗುತ್ತದೆ. ಆಮೇಲೆ ಕತ್ತಿಗೆ ಹೆಚ್ಚು ಕೆಲಸವಿಲ್ಲ. ನಾಲ್ಕು ಗೀರು ಎಳೆದು, ಮಲಗಿದ ಮಗುವಿನ ಅಂಗಿ ಬಿಚ್ಚಿದಷ್ಟು ಹಗುರವಾಗಿ ತೊಗಲನ್ನು ಎಳೆದು ತೆಗೆಯುವುದು. ಅವನು ಸುಲಿದ ತೊಗಲಿನಲ್ಲಿ ಒಂದು ತೂತು ತೋರಿಸಿ ಎಂದು ಓಣಿಯವರು ಹೊರಗಿನ ವ್ಯಾಪಾರಿಗಳಿಗೆ ಸವಾಲು ಹಾಕುತ್ತಿದ್ದರು. ವ್ಯಾಪಾರಿಗಳು ಬೆಳಕಿಗೆ ಹಿಡಿದು ಹಿಡಿದು ನೋಡಿ, ಬಾಯಿ ಮುಚ್ಚಿಕೊಂಡು ಮಡಚಿಡುತ್ತಿದ್ದರು.

ಈ ಕಸುಬಿನಲ್ಲಿ ಒಂದು ಕಷ್ಟವಿತ್ತು. ಊದಿದ ಗಾಳಿ ಪೂರ್ತಿ ಒಳಗೇ ನಿಲ್ಲುವುದಿಲ್ಲ. ಉಸಿರೆಳೆದುಕೊಳ್ಳಲು ಊದುವವನು ಒಂದು ಗಳಿಗೆ ಬಿಟ್ಟರೆ ಅದು ಕೊಳವೆಯಲ್ಲಿ ಹಿಂದಕ್ಕೆ ಬರುತ್ತದೆ, ಬೆಚ್ಚಗೆ, ಹಸಿ ರಕ್ತದ ವಾಸನೆ ಹೊತ್ತುಕೊಂಡು, ನೇರ ಗಂಟಲಿಗೆ. ಕಲಿಯಲು ಬಂದವರು ಅದಕ್ಕೇ ವಾಂತಿ ಮಾಡಿಕೊಂಡು ಓಡಿಹೋಗುತ್ತಿದ್ದರು. ತಿದಿಯಣ್ಣನಿಗೆ ಅದು ಅಭ್ಯಾಸವಾಗಿತ್ತು. ನಾಲಿಗೆಯಿಂದ ತಡೆದು, ಪಕ್ಕಕ್ಕೆ ಉಗುಳಿ, ಮತ್ತೆ ಊದುತ್ತಿದ್ದ.

ಓಣಿಯ ತೊಗಲನ್ನೆಲ್ಲ ಕೊಂಡು ಪೇಟೆಗೆ ಸಾಗಿಸುತ್ತಿದ್ದವನು ಅವನ ಅಕ್ಕನ ಗಂಡ. ಓಣಿಯಲ್ಲಿ ಅವನ ಮಾತೇ ಮಾತು. ಕಾಲಕ್ಕೆ ತಕ್ಕಂತೆ ನಡೆಯಬೇಕು ಅನ್ನುವ ಮನುಷ್ಯ. ಒಮ್ಮೆ ಒಂದು ಸೈಕಲ್ ಪಂಪು ತಂದು ತಿದಿಯಣ್ಣನ ಮುಂದಿಟ್ಟ.

"ಎಷ್ಟು ದಿನ ಅಂತ ಸತ್ತವುಗಳಿಗೆ ಮುತ್ತು ಕೊಟ್ಕೊಂಡು ಕೂತಿರ್ತೀಯೋ? ಇದನ್ನ ತೂರಿಸು, ನಾಲ್ಕು ಸಲ ಒತ್ತು, ಮುಗೀತು ಕೆಲಸ."

"ಭಾವ, ತೊಗಲು ಸಾಕು ಅಂದಾಗ ನನ್ನ ತುಟಿಗೆ ತಿಳಿಯುತ್ತೆ. ನಿಮ್ಮ ಪಂಪಿಗೆ ಪರ್ ಅಂತ ಹರಿದ ಮೇಲೆ ತಿಳಿಯುತ್ತೆ."

"ಅವನಿಗೆ ಯಾಕ್ರೀ ಹೇಳ್ತೀರಿ?" ಒಳಗಿಂದ ಅಕ್ಕ ಕೂಗಿದಳು. "ಅವನಾದ್ರೂ ಸತ್ತವಕ್ಕೆ ಕೊಡ್ತಾನೆ. ನೀವು ಬದುಕಿರೋರಿಗೆ ಕೊಟ್ಟು ಯಾವ ಕಾಲ ಆಯ್ತು?"

ಭಾವ ಪಂಪು ಎತ್ತಿಕೊಂಡು ಹೋದ. ಪಂಪು ಕೆಲವು ಮನೆಗಳಿಗೆ ಬಂತು, ತೊಗಲುಗಳಲ್ಲಿ ತೂತುಗಳೂ ಬಂದವು. ತಿದಿಯಣ್ಣನ ಜಂಬ ಇನ್ನೊಂದು ಅಂಗುಲ ಏರಿತು.

ಅವನ ಮನೆ ಓಣಿಯ ತುದಿಗೆ, ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಮುಂದಿನ ಕೋಣೆಯಲ್ಲಿ ಕಲ್ಲಿನ ಚಪ್ಪಡಿ, ಮೇಲೆ ತೊಲೆಗೆ ಸಿಕ್ಕಿಸಿದ ಕೊಕ್ಕೆಗಳು, ಮೂಲೆಯಲ್ಲಿ ಉಪ್ಪಿನ ಮೂಟೆ. ನಡುವಿನ ಕೋಣೆಯಲ್ಲಿ ಸುಣ್ಣದ ತೊಟ್ಟಿ, ಅದರ ಪಕ್ಕ ತೊಗಲು ಹಾಸಿ ಕೆರೆಯಲು ಒಂದು ಬಾಗಿದ ದಿಮ್ಮಿ. ಮಲಗುವ, ಉಣ್ಣುವ ಕೋಣೆ ಹಿಂದೆ, ಆದರೆ ವಾಸನೆಗೆ ಅಡ್ಡಗೋಡೆ ಎಲ್ಲಿದೆ? ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಮನೆಯಲ್ಲಿ ಅವನು, ಮಗ, ಸೊಸೆ. ಮಗ ಬೆಟ್ಟದ ಮೇಲೆ ತಂತಿಯ ಉರುಲು ಒಡ್ಡಿ ಮೊಲ ಹಿಡಿದು ತರುತ್ತಿದ್ದ. ಮೊಲದ ತುಪ್ಪುಳು ಚಳಿಗಾಲದ ಕೈಗವಸುಗಳ ಒಳಪದರಕ್ಕೆ ಹೋಗುತ್ತಿತ್ತು. ಸುಲಿದದ್ದನ್ನು ಕೆರೆದು ಹದ ಮಾಡುವುದು ಸೊಸೆಯ ಪಾಲಿನ ಕೆಲಸ. ಕೈ ಎಷ್ಟು ನಯವೋ ನಾಲಿಗೆ ಅಷ್ಟು ಹರಿತ. ಆ ಮನೆಯಲ್ಲಿ ತಿದಿಯಣ್ಣನಿಗೆ ಎದುರುತ್ತರ ಕೊಡುವ ಧೈರ್ಯವಿದ್ದದ್ದು ಅವಳೊಬ್ಬಳಿಗೇ. ಹೊರಗೆ ತೋರಿಸಿಕೊಳ್ಳದಿದ್ದರೂ ಅವನಿಗೆ ಅದು ಹಿತವಾಗಿತ್ತು. ಹೆಂಡತಿ ಹೋದ ಮೇಲೆ ಸತ್ತುಹೋಗಿದ್ದ ಮನೆಗೆ ಮಾತು ಬಂದದ್ದು ಅವಳಿಂದ.

ಓಣಿಗೊಂದು ಕಟ್ಟು ಇತ್ತು. ಆಸ್ಪತ್ರೆಗೆ ಹೋದರೆ ಪ್ರಾಣಿಯ ಮಾತು ಎತ್ತಕೂಡದು. ಜ್ವರವೆಂದರೆ ತಣ್ಣೀರಲ್ಲಿ ನಿಂತದ್ದು, ಗಾಯವೆಂದರೆ ಸೂಜಿ ಚುಚ್ಚಿದ್ದು, ಅಷ್ಟೇ. ಈ ಕಟ್ಟು ಮಾಡಿಸಿದವನು ತಿದಿಯಣ್ಣನೇ. ಅದಕ್ಕೆ ಕಾರಣವೂ ಇತ್ತು. ಅವನಿಗೆ ಮೀಸೆ ಮೂಡುವ ವಯಸ್ಸಿನಲ್ಲಿ ಕುರಿಗಳಿಗೆ ಕೆಟ್ಟ ರೋಗ ಬಿದ್ದಿತ್ತು. ಓಣಿಯಲ್ಲಿ ಯಾರೋ ಕೈಮೇಲಿನ ಕಪ್ಪು ಹುಣ್ಣನ್ನು ಆಸ್ಪತ್ರೆಯಲ್ಲಿ ತೋರಿಸಿ ಇದು ಕುರಿಯಿಂದ ಬಂತು ಎಂದುಬಿಟ್ಟ. ಮಾರನೆಯ ದಿನವೇ ಅಧಿಕಾರಿಗಳು ಬಂದರು. ತೊಗಲುಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಓಣಿಯವರನ್ನೆಲ್ಲ ಊರ ಸೇತುವೆಯಾಚೆ ಡೇರೆಗಳಲ್ಲಿ ಕೂಡಿಹಾಕಿದರು. ಹಿಮ ಬೀಳುವ ಕಾಲ. ತಿದಿಯಣ್ಣನ ತಾಯಿಗೆ ಕುರಿಯ ರೋಗವೂ ಇರಲಿಲ್ಲ, ಇನ್ನೊಂದೂ ಇರಲಿಲ್ಲ. ಆ ಡೇರೆಯ ಚಳಿಯಲ್ಲಿ ಸೆಟೆದುಕೊಂಡು ಸತ್ತಳು. ವಾಪಸು ಬಂದ ಮೇಲೂ ಎಷ್ಟೋ ವರ್ಷ ಊರಿನವರು ಓಣಿಯ ಜನ ಕೂತ ಬೆಂಚನ್ನು ಒರೆಸಿ ಕೂರುತ್ತಿದ್ದರು. ಅದಕ್ಕೇ ಆ ಕಟ್ಟು. ಅದನ್ನು ಮುರಿದವರು ಯಾರೂ ಇರಲಿಲ್ಲ.

ಆ ಸಲದ ಚಳಿಗಾಲಕ್ಕೆ ಮಗ ಉರುಲಿಲ್ಲದೆ ಮೊಲ ತರತೊಡಗಿದ.

"ಓಡೋದೇ ಇಲ್ಲಪ್ಪ ಅವು," ಎಂದು ಚೀಲ ಕೊಡವಿದ. "ಕಲ್ಲಿನ ಸಂದಿಯಲ್ಲಿ ಕೂತಿರುತ್ತವೆ. ಹತ್ತಿರ ಹೋದರೆ ನೋಡುತ್ತವೆ. ಕಿವಿ ಹಿಡಿದು ಎತ್ತಿಕೊಂಡೆ, ಸುಮ್ಮನೆ ಎತ್ತಿಸಿಕೊಂಡವು."

"ನಿನ್ನ ಮುಖ ನೋಡಿ ಓಡೋದು ದಂಡ ಅಂದ್ಕೊಂಡಿರಬೇಕು," ಎಂದಳು ಸೊಸೆ.

"ನೀನು ಹಾಗೇ ಅಂದ್ಕೊಂಡಲ್ವಾ ಈ ಮನೆಗೆ ಬಂದದ್ದು?"

ತಿದಿಯಣ್ಣ ಒಂದು ಮೊಲವನ್ನೆತ್ತಿ ಹೊಟ್ಟೆಯ ತುಪ್ಪುಳನ್ನು ಊದಿ ನೋಡಿದ. ಬೆಳ್ಳಗೆ, ದಟ್ಟವಾಗಿ, ಉರುಲಿನ ಗಾಯವಿಲ್ಲದ ತೊಗಲು. ಇಂಥದ್ದು ಕೈಗೆ ಸಿಗುವುದೇ ಅಪರೂಪ. ತಂತಿಯ ಉರುಲು ಕುತ್ತಿಗೆಯ ಹತ್ತಿರ ತೊಗಲನ್ನು ಕೆಡಿಸುತ್ತದೆ, ಬಂದೂಕು ಎಲ್ಲೆಂದರಲ್ಲಿ ಕೆಡಿಸುತ್ತದೆ. ಇದು ಮಾತ್ರ ಅಖಂಡ. ಅವನ ಕಣ್ಣು ಅರಳಿತು.

ಅದೇ ವಾರ ಬೆಟ್ಟ ಕಾಯುವ ಇಲಾಖೆಯ ಜೀಪೊಂದು ಮೈಕು ಕಟ್ಟಿಕೊಂಡು ಓಣಿಯ ಬಾಯಿಗೆ ಬಂತು. "ಬೆಟ್ಟದ ಮೊಲಗಳಿಗೆ ರೋಗ ಬಂದಿದೆ. ಬ್ಯಾಕ್ಟೀರಿಯಾದಿಂದ ಬರುವ ರೋಗ, ಮನುಷ್ಯರಿಗೂ ಬರುತ್ತದೆ. ಓಡದ ಮೊಲ, ಕೈಗೆ ಸಿಗುವ ಮೊಲ, ಸತ್ತು ಬಿದ್ದ ಮೊಲವನ್ನು ಯಾರೂ ಮುಟ್ಟಬೇಡಿ" ಎಂದು ಕೂಗಿತು. ಜನ ಬಾಗಿಲಿಗೆ ಬಂದು ಕೇಳಿದರು, ಒಳಗೆ ಹೋದರು. ಕೈಗೆ ಸಿಗುವ ಮೊಲ ಅಷ್ಟರಲ್ಲಿ ಎಲ್ಲರ ಮನೆಯ ಕೊಕ್ಕೆಗಳಲ್ಲೂ ತೂಗುತ್ತಿತ್ತು.

ಸಂಜೆ ಗಂಡಸರು ಭಾವನ ಅಂಗಡಿಯ ಮುಂದೆ ಸೇರಿದರು. ಭಾವ ಗಂಟಲು ಸರಿಮಾಡಿಕೊಂಡ. "ಮಾಂಸ ಯಾರೂ ತಿನ್ನೋದು ಬೇಡ, ಗುಂಡಿಗೆ ಹಾಕಿ. ತೊಗಲಿಗೆ ಉಪ್ಪು ಬೀಳುತ್ತೆ, ಸುಣ್ಣ ಬೀಳುತ್ತೆ, ಅದರಲ್ಲಿ ಯಾವ ಹುಳ ಬದುಕುತ್ತೆ? ಏನಂತೀಯ ತಿದಿ?"

ಎಲ್ಲರೂ ತಿದಿಯಣ್ಣನ ಕಡೆ ನೋಡಿದರು. ಅವನು ಬೇಡ ಎಂದಿದ್ದರೆ ಬೇಡವಾಗುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಆ ಅಖಂಡ ತೊಗಲುಗಳಿದ್ದವು. "ಇದ್ದದ್ದು ಮುಗಿಸೋಣ," ಎಂದ. "ಹೊರಗೆ ಮಾತ್ರ ಯಾರೂ ಬಾಯಿ ಬಿಡಬೇಡಿ."

ಹಾಗೆ ಅವನು ಆ ಮೊಲಗಳ ಮುಂದೆ ಕೂತ. ಮೊಲದ ತೊಗಲೆಂದರೆ ಈರುಳ್ಳಿ ಸಿಪ್ಪೆ, ಒಂದು ಉಸಿರು ಜಾಸ್ತಿಯಾದರೆ ಬಿರಿಯುತ್ತದೆ. ಅದಕ್ಕೆ ಸಣ್ಣ ಕೊಳವೆ, ಸಣ್ಣ ಸಣ್ಣ ಊದು. ಸಣ್ಣಗೆ ಊದಿದಷ್ಟೂ ಗಾಳಿ ಹಿಂದಕ್ಕೆ ಬರುವುದು ಜಾಸ್ತಿ. ಊದಿದ, ಉಗುಳಿದ, ಊದಿದ. ಸೊಸೆ ಸುಲಿದವುಗಳ ಹೊಟ್ಟೆ ಬಗೆದು ಗುಂಡಿಗೆ ಹಾಕಲು ಬುಟ್ಟಿಗೆ ತುಂಬುತ್ತಿದ್ದವಳು ಕೈ ನಿಲ್ಲಿಸಿದಳು.

"ಮಾವ, ಈ ಈಲಿ ನೋಡಿ."

ಕಪ್ಪುಗೆಂಪು ಈಲಿಯ, ಆ ಪಿತ್ತಜನಕಾಂಗದ, ತುಂಬ ಬಿಳಿಯ ಚುಕ್ಕೆಗಳು, ಯಾರೋ ಉಪ್ಪಿನ ಹರಳು ಚೆಲ್ಲಿದಂತೆ. ಅವಳು ಇನ್ನೊಂದನ್ನು ಬಗೆದು ತೋರಿಸಿದಳು. ಅದರಲ್ಲೂ ಹಾಗೇ.

"ಈಲಿಯನ್ನ ಯಾರು ಹದ ಮಾಡ್ತಾರೆ? ಬಿಸಾಕು ಅತ್ತ."

"ನಿಮ್ಮ ಬಾಯಿ ಅದರ ಪಕ್ಕದಲ್ಲೇ ಇದೆ ಮಾವ."

"ನನ್ನ ಬಾಯಿ ನಿನ್ನ ಬಾಯಿಗಿಂತ ಕಡಿಮೆ ಅಪಾಯದ್ದು ಬಿಡು."

ಅವಳು ನಗಲಿಲ್ಲ. ಎದ್ದು ಹೋಗಿ ಒಂದು ಬಟ್ಟೆ ತಂದು ಅವನ ಕೊಳವೆಯ ಪಕ್ಕ ಇಟ್ಟಳು, ಮೂಗಿಗಾದರೂ ಕಟ್ಟಿಕೊಳ್ಳಲಿ ಎಂದು. ಅವನು ಅದರಿಂದ ಕೈ ಒರೆಸಿಕೊಂಡ.

ಮೊದಲು ಬಿದ್ದವನು ಅವನೇ. ಬೆಳಗ್ಗೆ ಎದ್ದಾಗ ಮೈ ನಡುಗುತ್ತಿತ್ತು, ತಲೆ ಸೀಳುತ್ತಿತ್ತು. ಎದೆಯೊಳಗೆ ಯಾರೋ ಮರಳು ತುಂಬಿದಂತೆ. ಕೊಳವೆ ಬಾಯಿಗಿಟ್ಟರೆ ಉಸಿರು ತುಟಿಯ ತನಕ ಬರುವಷ್ಟರಲ್ಲಿ ಕೆಮ್ಮು ಅದನ್ನು ಕಸಿದುಕೊಳ್ಳುತ್ತಿತ್ತು. ಹಿಂದೆಯೇ ಸೊಸೆ ಬಿದ್ದಳು. ಅವಳ ಹೆಬ್ಬೆರಳಿಗೆ ಕೆರೆಯುವ ಕತ್ತಿ ತಾಗಿದ್ದ ಗೀರೊಂದಿತ್ತು, ಕಣ್ಣಿಗೆ ಕಾಣದಷ್ಟು. ಅದು ಬಾತುಕೊಂಡು, ನಡುವೆ ಕಪ್ಪು ಹೊಪ್ಪಳೆ ಕಟ್ಟಿತು. ಕಂಕುಳಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದು ಕೈ ಕೆಳಗಿಳಿಸಲಾಗದಾಯಿತು. ಮಗ ಇಬ್ಬರನ್ನೂ ಕೈಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಳ್ಳಿದ. ಭಾವ ಗಾಡಿಯ ಜೊತೆಯಲ್ಲೇ ನಡೆದ. ಕರುಣೆ ಇರಲಿಲ್ಲವೆಂದಲ್ಲ, ಆದರೆ ದಾರಿಯುದ್ದಕ್ಕೂ ಪಾಠ ಒಪ್ಪಿಸುತ್ತಲೇ ಇದ್ದ. "ಉಣ್ಣೆ ತೊಳೆದದ್ದು. ನೆನಪಿರಲಿ. ತಣ್ಣೀರು. ಕೈಗೆ ಸೂಜಿ."

ಆಸ್ಪತ್ರೆ ಚಿಕ್ಕದು. ಒಂದು ಉದ್ದನೆಯ ಕೋಣೆ, ನಡುವೆ ಪರದೆ, ಈಚೆ ಗಂಡಸರು, ಆಚೆ ಹೆಂಗಸರು. ಇದ್ದ ಒಬ್ಬರೇ ಡಾಕ್ಟರಮ್ಮ ಸೊಸೆಯ ಬೆರಳು ನೋಡಿದರು, ಕಂಕುಳು ಮುಟ್ಟಿದರು, ತಿದಿಯಣ್ಣನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಸುತ್ತುಬಳಸಿಲ್ಲದೆ ಕೇಳಿದರು. "ಮೊಲ ಮುಟ್ಟಿದ್ರಾ?"

ಮಗ ತಂದೆಯ ಮುಖ ನೋಡಿದ. ಪರದೆಯ ಆಚೆ ಸೊಸೆಯೂ ಉಸಿರು ಬಿಗಿಹಿಡಿದದ್ದು ತಿದಿಯಣ್ಣನಿಗೆ ಗೊತ್ತಾಯಿತು.

"ನಾವು ಕುರಿ ತೊಗಲಿನವರು, ಮೇಡಂ," ಎಂದ ತಿದಿಯಣ್ಣ. "ಉಣ್ಣೆ ತೊಳೆಯೋಕೆ ಹೊಳೆಯಲ್ಲಿ ನಿಂತಿದ್ವಿ."

"ನಿನ್ನ ಬೆರಳಿಗೆ ಏನಾಯ್ತಮ್ಮ?"

"ಸೂಜಿ," ಎಂದಿತು ಪರದೆಯ ಆಚೆಯ ದನಿ.

ಎಲ್ಲರಿಗೂ ಕೊಡುವ ಇಂಜೆಕ್ಷನ್ನನ್ನೇ ಅವರಿಗೂ ಕೊಟ್ಟರು. ರಕ್ತ ತೆಗೆದು ಪೇಟೆಯ ದೊಡ್ಡ ಆಸ್ಪತ್ರೆಗೆ ಕಳಿಸಲು ಸೀಸೆಗೆ ಹಾಕಿದರು, ಆದರೆ ಹಿಮ ಕುಸಿದು ಕಣಿವೆಯ ದಾರಿ ಮುಚ್ಚಿತ್ತು. ಸೀಸೆ ಆಸ್ಪತ್ರೆಯ ಫ್ರಿಜ್ಜಿನಲ್ಲೇ ಕೂತಿತು. ಭಾವ ಮಗನನ್ನು ಹೊರಗೆ ಕರೆದು ಕಿವಿಯಲ್ಲಿ ಏನೋ ಹೇಳಿದ. ಡಾಕ್ಟರಮ್ಮನಿಗೆ ಅನುಮಾನ ಬಂದಿದೆ, ಯಾರಾದರೂ ನೋಡಲು ಬರುವ ಮುಂಚೆ ಮೊಲದ ತೊಗಲುಗಳನ್ನೆಲ್ಲ ಬೆಟ್ಟದ ಹಳೆಯ ಕಲ್ಲುಗಣಿಯ ಶೆಡ್ಡಿಗೆ ಸಾಗಿಸಿ ಅಲ್ಲೇ ಕಾವಲಿರಬೇಕು, ಗಟ್ಟಿ ಕಾಲಿನವನು ನೀನೊಬ್ಬನೇ ಎಂದು. ಮಗ ಒಮ್ಮೆ ಪರದೆಯ ಕಡೆ ನೋಡಿ ಹೊರಟುಹೋದ.

ದಿನ ಕಳೆದ ಹಾಗೆ ಇಂಜೆಕ್ಷನ್ನುಗಳು ನೀರು ಚುಚ್ಚಿದಂತಾದವು. ತಿದಿಯಣ್ಣನ ಮೂಗಿಗೆ ಆಮ್ಲಜನಕದ ಮುಖವಾಡ ಬಿಗಿದರು. ಜೀವಮಾನವೆಲ್ಲ ಬೇರೆಯವಕ್ಕೆ ಗಾಳಿ ಊದಿದವನಿಗೆ ಈಗ ಕಬ್ಬಿಣದ ಸಿಲಿಂಡರು ಗಾಳಿ ಊದುತ್ತಿತ್ತು. ಆದರೆ ಅವನ ಕಿವಿ ಇದ್ದದ್ದು ಪರದೆಯ ಆಚೆಗೆ. ಮೊದಲೆರಡು ದಿನ ಅಲ್ಲಿಂದ ಮಾತು ಬರುತ್ತಿತ್ತು.

"ಮಾವ, ಇದ್ದೀರಾ?"

"ಎಲ್ಲಿಗೆ ಹೋಗಲಿ?"

"ಇಲ್ಲಿ ಗಂಜಿ ಹದ ತಪ್ಪಿದೆ. ತೊಗಲು ಕೆರೆದ ನೀರಿನ ಹಾಗಿದೆ."

"ಕುಡಿ, ಸುಮ್ಮನೆ."

ಆಮೇಲೆ ಮಾತು ಕಡಿಮೆಯಾಯಿತು. ಆಮೇಲೆ ಬಡಬಡಿಕೆ ಶುರುವಾಯಿತು. ಅವಳು ಯಾರನ್ನೋ ಬಟ್ಟೆ ಕಟ್ಟಿಕೊಳ್ಳಿ, ಬಟ್ಟೆ ಕಟ್ಟಿಕೊಳ್ಳಿ ಎಂದು ಬೇಡುತ್ತಿದ್ದಳು. ತಿದಿಯಣ್ಣ ಮುಖ ಗೋಡೆಗೆ ತಿರುಗಿಸಿದ.

ಅವನು ಲೆಕ್ಕ ಹಾಕಿದ್ದು ಹೀಗೆ: ಔಷಧಿ ಔಷಧಿಯೇ. ರೋಗ ಎಲ್ಲಿಂದ ಬಂದರೇನು, ಇಂಜೆಕ್ಷನ್ನಿಗೆ ಅದನ್ನು ಕೇಳಿ ಆಗಬೇಕಾದದ್ದೇನಿದೆ? ವಾಸಿಯಾಗುವುದಾದರೆ ಆಗುತ್ತದೆ. ಹೇಳಿದರೆ ಮಾತ್ರ ಓಣಿ ಸುಡುತ್ತದೆ, ಜನ ಡೇರೆಗೆ ಹೋಗುತ್ತಾರೆ, ಯಾರದೋ ತಾಯಿ ಸೆಟೆದು ಸಾಯುತ್ತಾಳೆ.

ಆ ಲೆಕ್ಕ ಒಂದು ಮಧ್ಯಾಹ್ನ ತಲೆಕೆಳಗಾಯಿತು. ಪರದೆಯ ಆಚೆ ಡಾಕ್ಟರಮ್ಮ ನರ್ಸಿಗೆ ಹೇಳುತ್ತಿದ್ದರು, ಇವನ ಕಿವಿಗೆ ಒಂದೊಂದು ಮಾತೂ ಬಿತ್ತು. "ಇದು ಮೊಲದ ಜ್ವರವೇ ಆಗಿದ್ರೆ ಈಗ ಕೊಡ್ತಿರೋ ಔಷಧಿ ಏನೂ ಮಾಡಲ್ಲ. ಬೇರೆ ಔಷಧಿ ಬೇಕು. ಅದು ಕಪಾಟಿನಲ್ಲೇ ಇದೆ. ಆದ್ರೆ ಅದು ಕಿವಿ, ಮೂತ್ರಪಿಂಡ ಎರಡಕ್ಕೂ ಪೆಟ್ಟು ಕೊಡುತ್ತೆ. ಇವಳ ಮೂತ್ರಪಿಂಡ ಮೊದಲೇ ಸೋತಿದೆ. ಅಲ್ಲ ಅಂತಾದ್ರೆ ನಾನೇ ಕೊಂದ ಹಾಗಾಗುತ್ತೆ. ಮೊಲ ಮುಟ್ಟಿಲ್ಲ ಅಂತ ಒಂದೇ ಹಟ ಇವರದ್ದು."

ತಿದಿಯಣ್ಣನ ಕೈ ಮಂಚದ ಕಬ್ಬಿಣವನ್ನು ಹಿಡಿಯಿತು. ಕಪಾಟು ಅವನಿಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು. ಬಿಳಿಯ ಬಣ್ಣದ್ದು, ಗಾಜಿನ ಬಾಗಿಲು, ಬಾಗಿಲಿಗೆ ಬೀಗ.

ಕಾಲಬುಡದಲ್ಲಿ ಭಾವ ಸ್ಟೂಲಿನ ಮೇಲೆ ಕೂತಿದ್ದ. ಅವನೂ ಕೇಳಿಸಿಕೊಂಡಿದ್ದ. ಎದ್ದು ಹತ್ತಿರ ಬಂದು ಬಗ್ಗಿದ. ದನಿಯಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆ ಇತ್ತು.

"ತಿದಿ, ನನ್ನ ಮಾತು ಕೇಳು. ದಾರಿ ಇವತ್ತೋ ನಾಳೆಯೋ ತೆರೆಯುತ್ತೆ. ರಕ್ತ ಪೇಟೆಗೆ ಹೋಗುತ್ತೆ, ಅವರೇ ಕಂಡುಹಿಡಿಯಲಿ. ನಾವು ಹೇಳಿದ ಹಾಗಾಗಲ್ಲ. ಕಟ್ಟು ಮಾಡಿದವನು ನೀನು ಕಣೋ. ನಿನ್ನಮ್ಮನನ್ನ ನೆನೆಸಿಕೋ."

ತಿದಿಯಣ್ಣ ನೆನೆಸಿಕೊಂಡ. ತಾಯಿಯ ಮುಖ ನೆನಪಿಗೆ ಬರಲಿಲ್ಲ, ಡೇರೆಯ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿದ್ದ ಸದ್ದು ಬಂತು. ಪರದೆಯ ಆಚೆ ಬಡಬಡಿಕೆ ನಿಂತಿತ್ತು. ಅದು ನಿಂತದ್ದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

ಡಾಕ್ಟರಮ್ಮ ಈಚೆ ಬಂದು ಅವನ ನಾಡಿ ಹಿಡಿದರು. ಅವನು ಮುಖವಾಡವನ್ನು ಕಿತ್ತು ಪಕ್ಕಕ್ಕೆ ತಳ್ಳಿದ.

"ಮೇಡಂ..."

"ಅದನ್ನ ತೆಗೀಬೇಡಿ!"

"ಅವನಿಗೆ ಮಾತಾಡೋಕಾಗಲ್ಲ ಮೇಡಂ," ಎಂದು ಭಾವ ನಡುವೆ ಬಂದ. "ಜ್ವರದಲ್ಲಿ ಏನೇನೋ ಅಂತಾನೆ."

"ಮೊಲ," ಎಂದ ತಿದಿಯಣ್ಣ. ಉಸಿರು ತೀರಿತು. ಮತ್ತೊಂದನ್ನು ಬಾವಿಯಿಂದ ಸೇದಿದಂತೆ ಸೇದಿದ. "ಓಡದ ಮೊಲ. ಮನೆ ತುಂಬ. ಸೊಸೆ... ಕೆರೆದಳು. ನಾನು... ಊದಿದೆ."

"ಊದಿದ್ರಾ? ಅಂದ್ರೆ?"

ಜೀವನವೆಲ್ಲ ಜಂಬದಿಂದ ಹೇಳಿಕೊಂಡ ಕಸುಬನ್ನು ವಿವರಿಸಲು ಅವನಲ್ಲಿ ಗಾಳಿ ಇರಲಿಲ್ಲ. ಅವನು ಮುಷ್ಟಿಯನ್ನು ತುಟಿಗೆ ಹಿಡಿದು, ಕೆನ್ನೆ ಉಬ್ಬಿಸಿ, ಊದುವಂತೆ ತೋರಿಸಿದ. ಬಂದದ್ದು ಕೆಮ್ಮು, ಕೆಮ್ಮಿನ ಜೊತೆ ರಕ್ತದ ಎಳೆ. ಅಂಗೈಯನ್ನು ಸರ್ರನೆ ತನ್ನ ಬಾಯಿಯ ಕಡೆಗೆ ಎಳೆದು, ಗಾಳಿ ಹಿಂದಕ್ಕೆ ಬರುತ್ತದೆ ಎಂಬುದನ್ನೂ ತೋರಿಸಿದ. ಡಾಕ್ಟರಮ್ಮನ ಮುಖ ಬಿಳಿಚಿತು. ಸೊಂಟದ ಬೀಗದ ಕೈ ತೆಗೆಯುತ್ತ ಕಪಾಟಿನ ಕಡೆ ಓಡಿದರು.

ಭಾವ ಸ್ಟೂಲಿನ ಮೇಲೆ ಕುಸಿದು ಕೂತ. "ಮುಗಿಸಿದೆ," ಎಂದ. "ಓಣೀನ ಮುಗಿಸಿದೆ ನೀನು."

ತಿದಿಯಣ್ಣ ಮುಖವಾಡವನ್ನು ತಾನೇ ಹಾಕಿಕೊಂಡು ಕಣ್ಣು ಮುಚ್ಚಿದ.

ಇಬ್ಬರಿಗೂ ಔಷಧಿ ಬದಲಾಯಿತು. ಡಾಕ್ಟರಮ್ಮನ ಸಿಟ್ಟು ಆಮೇಲೆ ಹೊರಬಂತು, ಅದೂ ಭಾವನ ಮೇಲೆ, ಕೋಣೆಯೆಲ್ಲ ಕೇಳುವ ಹಾಗೆ. "ಮೊದಲ ದಿನವೇ ಕೇಳಿದ್ನಲ್ಲ ನಾನು! ಯಾಕ್ರೀ ಮುಚ್ಚಿಟ್ರಿ? ನಿಮ್ಮನ್ನ ಊರಾಚೆ ಕೂಡಿಹಾಕ್ತಾರೆ ಅಂತಲಾ? ಇದು ಮನುಷ್ಯರಿಂದ ಮನುಷ್ಯರಿಗೆ ಅಂಟೋ ರೋಗಾನೇ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡ್ರೂ ಅಂಟಲ್ಲ. ಒಬ್ಬರನ್ನೂ ಕದಲಿಸ್ತಿರಲಿಲ್ಲ. ಬ್ಯಾಕ್ಟೀರಿಯಾ ಇರೋದು ಆ ತೊಗಲಲ್ಲಿ. ಚಳಿ ಜಾಸ್ತಿ ಆದಷ್ಟೂ ಅದಕ್ಕೆ ಆಯಸ್ಸು ಜಾಸ್ತಿ."

ತಿದಿಯಣ್ಣ ಅದನ್ನು ಕೇಳಿದ. ಆ ಕಟ್ಟು, ಇಷ್ಟು ವರ್ಷ ಊರಿನ ಮುಂದೆ ಕಚ್ಚಿ ಹಿಡಿದಿದ್ದ ಹಲ್ಲು, ಈ ರೋಗಕ್ಕೆ ಬೇಕಾಗಿಯೇ ಇರಲಿಲ್ಲ.

ಸೊಸೆಯ ಜ್ವರ ಇಳಿಯಿತು. ಒಂದು ಬೆಳಗ್ಗೆ ಪರದೆಯ ಆಚೆಯಿಂದ, "ಇವತ್ತೂ ಅದೇ ಗಂಜಿನಾ?" ಎಂಬ ಮಾತು ಬಂತು. ಬಲಗಿವಿ ಸ್ವಲ್ಪ ಮಂದವಾಯಿತು, ಅಷ್ಟೇ. ಮಗ ಬೆಟ್ಟದಿಂದ ಇಳಿದು ಬಂದವನು ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. "ಅಳೋಕೆ ಬಂದ್ಯಾ, ಇಲ್ಲಾ ನೆಲ ಒರೆಸೋಕೆ ಬಂದ್ಯಾ?" ಎಂದು ಅವಳು ಅವನ ತಲೆ ಮುಟ್ಟಿದಳು. ತೊಗಲುಗಳನ್ನು ಎಲ್ಲಿಟ್ಟಿದ್ದಾನೆಂದು ಅವನೇ ಅಧಿಕಾರಿಗಳಿಗೆ ತೋರಿಸಿದ.

ತಿದಿಯಣ್ಣನ ಜ್ವರ ಮಾತ್ರ ಇಳಿಯಲಿಲ್ಲ. ರೋಗ ಅವನ ಬೆರಳಿನಿಂದ ಹತ್ತಿ ಬಂದದ್ದಲ್ಲ, ನೆಟ್ಟಗೆ ಎದೆಯೊಳಗೇ ಇಳಿದು ಅಲ್ಲೇ ಬೇರು ಬಿಟ್ಟದ್ದು. ಡಾಕ್ಟರಮ್ಮ ಮಗನನ್ನು ಹೊರಗೆ ಕರೆದು ಮಾತಾಡಿದರು. ಮಗ ಒಳಗೆ ಬಂದಾಗ ತಿದಿಯಣ್ಣ ಅವನ ಮುಖ ನೋಡಿಯೇ ಅರ್ಥ ಮಾಡಿಕೊಂಡ.

ಓಣಿಯಿಂದ ಯಾರೂ ಬರಲಿಲ್ಲ. ಬಂದವಳು ಅಕ್ಕ, ಗಂಡನ ಅಂಗಿಯ ತೋಳು ಹಿಡಿದು ದರದರ ಎಳೆದುಕೊಂಡು. ಭಾವನ ಬಲಗೈಯಲ್ಲಿ ಕೈಗವಸಿತ್ತು.

"ತೋರಿಸ್ರೀ! ಡಾಕ್ಟರಮ್ಮನಿಗೆ ತೋರಿಸಿ! ಮನೆಯೊಳಗೂ ಕೈಗವಸು ಹಾಕ್ಕೊಂಡು ಉಣ್ತಿದ್ದಾರೆ ದೊಡ್ಡ ಮನುಷ್ಯರು. ನನಗೆ ಕಣ್ಣಿಲ್ವಾ?"

ಕೈಗವಸು ತೆಗೆದಾಗ ತೋರುಬೆರಳಲ್ಲಿ ಅದೇ ಕಪ್ಪು ಹೊಪ್ಪಳೆ. ಭಾವ ತಲೆ ಎತ್ತಲಿಲ್ಲ. "ತೊಗಲು ವಿಂಗಡಿಸೋವಾಗ..." ಎಂದು ಗೊಣಗಿದ. ಅಕ್ಕ ತಮ್ಮನ ಕಡೆ ತಿರುಗಿದಳು. ಬಾಯಿಯ ಅಬ್ಬರವೆಲ್ಲ ಅಲ್ಲಿಗೆ ಇಳಿಯಿತು. ಮಂಚದ ಮೇಲೆ ಕೂತು, ಗುಂಡಿ ಹಾಕಲಾಗದ ಅವನ ಅಂಗಿಯ ಎರಡು ಅಂಚುಗಳನ್ನು ಹತ್ತಿರಕ್ಕೆ ಎಳೆದಳು. ಈಗ ಅವು ಸಲೀಸಾಗಿ ಕೂಡುತ್ತಿದ್ದವು. ಅವಳು ಗುಂಡಿ ಹಾಕಲಿಲ್ಲ, ಅಂಚುಗಳನ್ನು ಹಾಗೇ ಹಿಡಿದುಕೊಂಡು ಕೂತಳು.

ಅವತ್ತಿನಿಂದ ಒಬ್ಬೊಬ್ಬರೇ ಬಂದರು. ಹಿಂಬಾಗಿಲಿನಿಂದ, ಮುಸುಕು ಹಾಕಿಕೊಂಡು, ನರ್ಸಿನ ಕಿವಿಗೆ ಮಾತ್ರ ಕೇಳುವಂತೆ "ನಮ್ಮನೇಲೂ ಮೊಲ" ಎನ್ನುತ್ತ. ತಿದಿಯಣ್ಣನ ಮಂಚದ ಪಕ್ಕದಲ್ಲೇ ಹಾದುಹೋಗಬೇಕು. ಕೆಲವರು ನಿಂತರು, ಹೆಚ್ಚಿನವರು ಮುಖ ತಿರುಗಿಸಿಕೊಂಡು ದಾಟಿದರು. ಸತ್ತವರು ಅವರಲ್ಲಿ ಒಬ್ಬರೂ ಇಲ್ಲ.

ಅಧಿಕಾರಿಗಳು ತೊಗಲು ಸುಟ್ಟರು. ಓಡದ ಮೊಲಗಳದ್ದನ್ನಷ್ಟೇ ಸುಡುತ್ತೇವೆ ಎಂದಿದ್ದರು, ಆದರೆ ಯಾವುದು ಯಾವುದಕ್ಕೆ ತಾಗಿದೆ ಎಂದು ವಿಂಗಡಿಸುವವರು ಯಾರು? ಕುರಿಯದೂ ಮೇಕೆಯದೂ ರಾಶಿಗೆ ಬಿದ್ದವು. ಹೊಗೆ ಊರ ಮೇಲೆ ಹಾದು ಆಸ್ಪತ್ರೆಯ ಕಿಟಕಿಗೆ ಬಂತು. ಆಗಷ್ಟೇ ಎದ್ದು ನಡೆಯತೊಡಗಿದ್ದ ಸೊಸೆ ಕಿಟಕಿ ಮುಚ್ಚಲು ಹೋದಳು. ತಿದಿಯಣ್ಣ ಬೇಡವೆಂದು ಬೆರಳಾಡಿಸಿದ. ಮೂಗರಳಿಸಿ, ಸಣ್ಣಗೆ ಉಸಿರೆಳೆದ.

"ಮೇಕೆ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಕುರಿಮರಿ... ಚೆನ್ನಾಗಿತ್ತು ಅದು."

"ಸುಮ್ಮನಿರಿ ಮಾವ."

"ನೀನು... ಹೇಳಿದ್ದೆ."

"ಹೇಳಿದ್ದೆ. ಏನೀಗ? ನಾನು ದಿನಾ ನೂರು ಹೇಳ್ತೀನಿ."

ಅವನು ನಗಲು ನೋಡಿದ. ಅದೇ ದಿನ ಹೊಗೆ ಕರಗುವ ಮುಂಚೆ ಅವನ ಉಸಿರು ನಿಂತಿತು. ಹೊತ್ತುಕೊಂಡು ಹೋಗಲು ಮಗ, ಆಸ್ಪತ್ರೆಯ ಕಸ ಗುಡಿಸುವವನು, ಇಲಾಖೆಯ ಜೀಪಿನ ಡ್ರೈವರು ಹೆಗಲು ಕೊಟ್ಟರು. ನಾಲ್ಕನೆಯ ಹೆಗಲಿಲ್ಲದೆ ಸೊಸೆಯೇ ಕೊಟ್ಟಳು. ಭಾವ ಬ್ಯಾಂಡೇಜಿನ ಕೈ ಎದೆಗವಚಿಕೊಂಡು ಹಿಂದೆ ನಡೆದ. ಓಣಿಯ ಬಾಗಿಲುಗಳು ಮುಚ್ಚಿದ್ದವು. ಒಳಗೆ ಜನ ಇದ್ದರು, ಕೆಮ್ಮು ಕೇಳುತ್ತಿತ್ತು.

ಆ ಚಳಿಗಾಲ ಓಣಿಯಲ್ಲಿ ಕೆಲಸವಿರಲಿಲ್ಲ. ಕೆಲವರು ದೂರದ ಗಣಿಗೆ ಕೂಲಿಗೆ ಹೋದರು, ಕೆಲವರು ಊರನ್ನೇ ಬಿಟ್ಟರು. ಉಳಿದವರು ಸೊಸೆಯನ್ನು ಮಾತಾಡಿಸುತ್ತಿರಲಿಲ್ಲ. ಒಂದು ದಿನ ಬೀದಿಯ ನಲ್ಲಿಯಲ್ಲಿ ಅವಳ ಹಿಂದೆ ನಿಂತಿದ್ದ, ಓಣಿಯಲ್ಲಿ ತೊಗಲಿಗೆ ಬಣ್ಣ ಹಾಕುವವಳು, ಕೊಡವನ್ನು ಕಲ್ಲಿಗೆ ಕುಕ್ಕಿ, ಗಾಳಿಗೆ ಹೇಳುವವಳಂತೆ ಹೇಳಿದಳು. "ಒಬ್ಬನ ಬಾಯಿ ಸುಮ್ಮನಿದ್ದಿದ್ರೆ ಇಡೀ ಓಣಿ ಸುಡ್ತಿರಲಿಲ್ಲ."

ಸೊಸೆ ಕೇಳುವ ಕಿವಿಯನ್ನು ಅತ್ತ ತಿರುಗಿಸಿದಳು.

"ಯಾರನ್ನೇ ನೀನು ಅಂತಿರೋದು? ನಮ್ಮ ಮಾವನ್ನಾ?"

"ಮತ್ತೆ ಯಾರನ್ನ?"

"ನಿನ್ನ ಗಂಡನ ಕುತ್ತಿಗೆಯ ಗಂಟು ಇಳೀತಾ?"

ಬಣ್ಣ ಹಾಕುವವಳು ಕೊಡದ ಬಾಯಿ ಒರೆಸತೊಡಗಿದಳು.

"ಕೇಳ್ತಿದ್ದೀನಿ, ಇಳೀತಾ?"

"ಇಳೀತು," ಎಂದಳು ಅವಳು, ಸಣ್ಣ ದನಿಯಲ್ಲಿ.

"ಹಾಗಾದ್ರೆ ಕೊಡ ಹಿಡಿ. ನೀರು ನಿಂತುಹೋಗುತ್ತೆ."

ಹಾಗೆಂದು ಸೊಸೆ ತನ್ನ ತುಂಬಿದ ಕೊಡ ಎತ್ತಿಕೊಂಡು ಪಕ್ಕಕ್ಕೆ ಸರಿದಳು.